ಬಿಸಿಡಿ ಪಕ್ಕೆ ಹಿಂಡುತ್ತೆ, ಕಾಲು ಮುಳುಗುತ್ತೆ: ಜಾಕೆಟ್ ಬಿಟ್ಟು ವಿಂಗ್ ತಗೊಳ್ಳೋದಾ?

ಪ್ರಶ್ನೆ (ಸಾಗರ): ನೇತ್ರಾಣಿ ದ್ವೀಪದ ಬಳಿ ಡೈವ್ ಮಾಡುವಾಗ ಬಾಡಿಗೆ ಜಾಕೆಟ್ ಬಿಸಿಡಿಯಿಂದ (ಸಿಲಿಂಡರ್ ಹೊರುವ, ಗಾಳಿ ತುಂಬಿ-ಬಿಟ್ಟು ತೇಲುವಿಕೆ ಹೊಂದಿಸುವ ಅಂಗಿ) ಮೂರು ತೊಂದರೆ. ನೀರಿನ ಮೇಲೆ ಗಾಳಿ ತುಂಬಿದರೆ ಪಕ್ಕೆ ಹಿಂಡಿ ಉಸಿರು ಬಿಗಿಯುತ್ತದೆ. ಜಾಕೆಟ್ ಗಲ್ಲದವರೆಗೆ ಏರಿ ಬರುತ್ತದೆ. ನೀರೊಳಗೆ ಕಾಲು ಜೋತು ಬೀಳುತ್ತದೆ, ಅಡ್ಡಡ್ಡ ಮಲಗಿ ಈಜೋಕೆ ಆಗಲ್ಲ. ನನ್ನ ತೂಕ 72 ಕೆ.ಜಿ., 3 ಮಿ.ಮೀ. ವೆಟ್‌ಸೂಟ್, 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರ್, ಮುಳುಗಲು ಸೊಂಟದ ಬೆಲ್ಟಿನಲ್ಲಿ 8 ಕೆ.ಜಿ. ಸೀಸ. ಮಳೆಗಾಲ ಮುಗಿಯೋದರೊಳಗೆ ಸ್ವಂತದ್ದು ಕೊಳ್ಳಬೇಕು. ಜಾಕೆಟ್, ಬ್ಯಾಕ್ ಇನ್‌ಫ್ಲೇಟ್, ಬ್ಯಾಕ್‌ಪ್ಲೇಟ್-ವಿಂಗ್ (ಬೆನ್ನಿಗೆ ಲೋಹದ ತಟ್ಟೆ, ಅದರ ಹಿಂದೆ ಗಾಳಿಚೀಲ), ಯಾವುದು ಒಳ್ಳೇದು?

ಉತ್ತರ (ಶಿವಮೊಗ್ಗ): ದುಡ್ಡು ಬಿಚ್ಚುವ ಮೊದಲು ಸೀಸ ಇಳಿಸಿ ಮಾರಾಯ್ರೆ. ನಿಮ್ಮ ಮೈತೂಕಕ್ಕೆ, ಆ ಸೂಟಿಗೆ 4ರಿಂದ 5 ಕೆ.ಜಿ. ಸಾಕಾಗಬೇಕು. ಹೆಚ್ಚಿಗೆ ಇರುವ 3 ಕೆ.ಜಿ.ಯನ್ನು ಎತ್ತಿ ಹಿಡಿಯಲು ಜಾಕೆಟ್ಟಿಗೆ ಸುಮಾರು 3 ಲೀಟರ್ ಗಾಳಿ ಹೆಚ್ಚಿಗೆ ಹಾಕುತ್ತೀರಿ. ಗಾಳಿ ಎದೆಯ ಸುತ್ತ, ಸೀಸ ಸೊಂಟದಲ್ಲಿ. ಒಂದು ಮೇಲಕ್ಕೆಳೆಯುತ್ತದೆ, ಇನ್ನೊಂದು ಕೆಳಕ್ಕೆ. ಕಾಲು ಜೋತು ಬೀಳುವುದು ಅದಕ್ಕೇ. ಜಾಕೆಟ್ ಗಲ್ಲಕ್ಕೆ ಬರುವುದಕ್ಕೂ ಕಾರಣ ಅದೇ: ಬೆಲ್ಟ್ ಮೈಯನ್ನು ಕೆಳಗೆಳೆದಾಗ ಜಾಕೆಟ್ ಮಾತ್ರ ತೇಲಿ ಮೇಲೆ ಜಾರುತ್ತದೆ. ಇನ್ನೊಂದು ಅಪಾಯ ನೋಡಿ, 10 ಮೀಟರಿನಲ್ಲಿ ಇರುವ 3 ಲೀಟರ್ ಗಾಳಿಯನ್ನು ಬಿಡದೆ ಮೇಲೆ ಬಂದರೆ ಅದು 6 ಲೀಟರ್ ಆಗುತ್ತದೆ. ಕೈ ಮೀರಿ ಮೇಲಕ್ಕೆ ಚಿಮ್ಮುವುದು ಹೀಗೆ.

ಪರೀಕ್ಷೆ ಸುಲಭ. ಡೈವ್ ಕೊನೆಯಲ್ಲಿ ಸಿಲಿಂಡರಿನಲ್ಲಿ 50 ಬಾರ್ ಒತ್ತಡ ಉಳಿದಿರುವಾಗ, 5 ಮೀಟರಿನಲ್ಲಿ ಬಿಸಿಡಿ ಪೂರ್ತಿ ಖಾಲಿ ಮಾಡಿ, ಸಹಜವಾಗಿ ಉಸಿರಾಡಿ. ಇದ್ದಲ್ಲೇ ನಿಂತರೆ ತೂಕ ಸರಿ. ಮುಳುಗಿದರೆ ಮುಂದಿನ ಡೈವಿಗೆ 1 ಕೆ.ಜಿ. ತೆಗೆಯಿರಿ, ಮತ್ತೆ ನೋಡಿ. ಒಂದೇ ಸಲ 3 ಕೆ.ಜಿ. ತೆಗೆಯಬೇಡಿ. ತುಂಬಿದ ಸಿಲಿಂಡರಿನಲ್ಲಿ ಪರೀಕ್ಷೆ ಮಾಡಿದರೆ ಬಂದ ಲೆಕ್ಕಕ್ಕೆ 2 ಕೆ.ಜಿ. ಸೇರಿಸಬೇಕು, ಏಕೆಂದರೆ 200ರಿಂದ 50 ಬಾರಿಗೆ ಇಳಿಯುವಷ್ಟರಲ್ಲಿ ಅಷ್ಟು ತೂಕದ ಗಾಳಿ ಖರ್ಚಾಗಿ ಸಿಲಿಂಡರ್ ಹಗುರಾಗುತ್ತದೆ. ಶಿವಮೊಗ್ಗದ ಈಜುಕೊಳದ ಲೆಕ್ಕ ಸಮುದ್ರಕ್ಕೆ ಹೊಂದುವುದಿಲ್ಲ. ಉಪ್ಪುನೀರು ಶೇ. 2.5ರಷ್ಟು ಭಾರ, ಮೈ, ಸಾಮಾನು ಸೇರಿ 100 ಕೆ.ಜಿ. ಇದ್ದರೆ ಕಡಲಲ್ಲಿ ಸುಮಾರು 2.5 ಕೆ.ಜಿ. ಹೆಚ್ಚು ಬೇಕು.

ಉಳಿದ ಸೀಸವನ್ನೆಲ್ಲ ಬೆಲ್ಟಿಗೇ ಹಾಕಬೇಡಿ. 1-2 ಕೆ.ಜಿ.ಯನ್ನು ಸಿಲಿಂಡರ್ ಪಟ್ಟಿಯ ಮೇಲ್ಭಾಗದ ಪಾಕೆಟ್ಟಿಗೆ ಹಾಕಿದರೆ ಕಾಲು ತಾನಾಗಿ ಮೇಲೆ ಬರುತ್ತದೆ.

ಪಕ್ಕೆ ಹಿಂಡುವುದು ಮಾತ್ರ ಜಾಕೆಟ್ಟಿನದೇ ಗುಣ, ಅಳತೆ ಚಿಕ್ಕದಿದ್ದರೆ ಇನ್ನೂ ಜಾಸ್ತಿ. ಅದರ ಗಾಳಿಚೀಲ ಪಕ್ಕೆಯನ್ನೂ ಸುತ್ತಿರುತ್ತದೆ. ಅಂಗಡಿಯಲ್ಲಿ ಸೂಟ್ ಹಾಕಿಕೊಂಡು ಪೂರ್ತಿ ಗಾಳಿ ತುಂಬಿ, ಆಳವಾಗಿ ಉಸಿರೆಳೆದು ನೋಡಿ. ಆಗ ಬಿಗಿದರೆ ಕೊಳ್ಳಬೇಡಿ. ಬ್ಯಾಕ್ ಇನ್‌ಫ್ಲೇಟಿನಲ್ಲಿ ಗಾಳಿ ಬೆನ್ನಿಗೆ ಮಾತ್ರ, ಆದರೆ ಮೆತ್ತೆ ಜಾಸ್ತಿ. ಆ ಮೆತ್ತೆ ತೇಲುವುದರಿಂದ ಸೀಸ ಹೆಚ್ಚು ಬೇಕಾಗುತ್ತದೆ. ನಿಮಗೆ ನಾನು ಹೇಳುವುದು ಬ್ಯಾಕ್‌ಪ್ಲೇಟ್-ವಿಂಗ್.

ಪ್ರಶ್ನೆ (ಸಾಗರ): ಪ್ಲೇಟ್ ಸ್ಟೀಲೋ ಅಲ್ಯೂಮಿನಿಯಮ್ಮೋ? ವಿಂಗ್ ನೀರಿನ ಮೇಲೆ ಮುಖ ಮುಂದಕ್ಕೆ ದೂಡುತ್ತದೆ ಅಂತಾರಲ್ಲ ಸರ್?

ಉತ್ತರ (ತೀರ್ಥಹಳ್ಳಿ): ಸ್ಟೀಲೇ ತಗೊಳ್ಳಿ. 2.5-3 ಕೆ.ಜಿ. ಬರುತ್ತದೆ, ಅಷ್ಟು ಸೀಸ ಬೆಲ್ಟಿನಿಂದ ಇಳಿಯಿತು. ಅದು ಬೆನ್ನ ಮೇಲೆ, ಶ್ವಾಸಕೋಶದ ಹತ್ತಿರವೇ ಕೂರುವುದರಿಂದ ಮೈ ಮಟ್ಟಸವಾಗಿ ನಿಲ್ಲುತ್ತದೆ. ವಿಂಗ್ 13-15 ಕೆ.ಜಿ. ಎತ್ತುವಂಥದ್ದು ಸಾಕು. ದೊಡ್ಡದು ಕೊಂಡರೆ ಒಂಟಿ ಸಿಲಿಂಡರಿನ ಎರಡೂ ಬದಿಗೆ ಮಡಚಿಕೊಂಡು, ಮಡಿಕೆಯಲ್ಲಿ ಸಿಕ್ಕಿದ ಗಾಳಿ ಹೊರಗೆ ಹೋಗುವುದಿಲ್ಲ.

ಮುಖ ಮುಂದಕ್ಕೆ ಬೀಳುವುದು ಅತಿಯಾಗಿ ಗಾಳಿ ತುಂಬಿದಾಗ, ಸೀಸ ಹೊಟ್ಟೆ ಕಡೆ ಇದ್ದಾಗ. ಗಲ್ಲ ನೀರಿನಿಂದ ಮೇಲೆ ಬರುವಷ್ಟು ಗಾಳಿ ಹಾಕಿ ನಿಲ್ಲಿಸಿ, ಆರಾಮ ಕುರ್ಚಿಯಲ್ಲಿ ಒರಗಿದ ಹಾಗೆ ಹಿಂದಕ್ಕೆ ಒರಗಿ. ತೊಡೆಸಂದಿನ ಪಟ್ಟಿ ಕಟ್ಟದೆ ವಿಂಗ್ ಬಳಸಲೇಬಾರದು. ಅದಿಲ್ಲದಿದ್ದರೆ ಪ್ಲೇಟ್ ತಲೆಗೆ ಬಡಿಯುವಷ್ಟು ಮೇಲೆ ಜಾರುತ್ತದೆ.

ಪ್ಲೇಟನ್ನು ಮೈಗೆ ಕಟ್ಟುವ ಹಾರ್ನೆಸ್ ಅಂದರೆ 5 ಸೆಂ.ಮೀ. ಅಗಲದ, ಉದ್ದನೆಯ ಒಂದೇ ಪಟ್ಟಿ. ಸೂಟ್ ಹಾಕಿಕೊಂಡೇ ಅಳತೆ ಕೂಡಿಸಿ. ಹೆಗಲ ಪಟ್ಟಿಯ ಅಡಿ ಅಂಗೈ ಸಲೀಸಾಗಿ ತೂರಬೇಕು. ಬಿಗಿದರೆ ದೋಣಿಯಲ್ಲಿ ಕಳಚಲು ಒದ್ದಾಡಬೇಕಾಗುತ್ತದೆ. ಸೊಂಟದ ಬಕಲನ್ನು ನಡುವಿನಿಂದ ಸ್ವಲ್ಪ ಬಲಕ್ಕೆ ಇಡಿ, ಇಲ್ಲವಾದರೆ ತೊಡೆಪಟ್ಟಿಯ ಕುಣಿಕೆ ಅಡ್ಡ ಬರುತ್ತದೆ. ಸಿಲಿಂಡರ್ ಪಟ್ಟಿಯನ್ನು ನೀರಲ್ಲಿ ಅದ್ದಿ ಆಮೇಲೆ ಬಿಗಿಯಿರಿ: ಒಣ ನೈಲಾನ್ ಒದ್ದೆಯಾದಾಗ ಸಡಿಲವಾಗಿ ಸಿಲಿಂಡರ್ ಕೆಳಗೆ ಜಾರುತ್ತದೆ. ಜೊತೆಗೆ ಇಳಿಯುವವರಿಗೆ ಗಾಳಿ ಬಿಡುವ ದಾರ ಎಲ್ಲಿದೆ ಅಂತ ದೋಣಿಯಲ್ಲೇ ತೋರಿಸಿ, ಅವರಿಗೆ ಜಾಕೆಟ್ಟಿನದ್ದು ಮಾತ್ರ ರೂಢಿ ಇರಬಹುದು.

ಉತ್ತರ (ಹೊಸನಗರ): ಯಾವುದನ್ನೇ ಕೊಂಡರೂ ನಮ್ಮ ಕಡೆಯ ಆಷಾಢದ ತೇವದಲ್ಲಿ ಬೂಷ್ಟು ಹಿಡಿಯೋದು ಗ್ಯಾರಂಟಿ. ಹೊರಗೆ ಮಾತ್ರ ತೊಳೆದರೆ ಸಾಲದು. ಚೀಲದ ಮೂರನೇ ಒಂದು ಭಾಗ ಸಿಹಿನೀರು ತುಂಬಿ, ಅಲುಗಾಡಿಸಿ, ತಲೆಕೆಳಗೆ ಹಿಡಿದು ಇನ್‌ಫ್ಲೇಟರಿನಿಂದಲೇ (ಗಾಳಿ ತುಂಬುವ, ಬಿಡುವ ಗುಂಡಿ ಇರುವ ಕೊಳವೆ) ಇಳಿಸಿ. ಎರಡು ಸಲ ಮಾಡಿ. ಅರ್ಧ ಗಾಳಿ ತುಂಬಿ ನೆರಳಲ್ಲಿ, ಗಾಳಿ ಆಡುವ ಕಡೆ ನೇತುಹಾಕಿ. ಒಲೆಯ ಮೇಲಿನ ಅಟ್ಟದಲ್ಲಿ ಬೇಡ, ಬಿಸಿಗೆ ಅಂಟು ಬಿಡುತ್ತದೆ.

ಸೀಸನ್ ಶುರುವಿನಲ್ಲಿ ಸಿಲಿಂಡರ್ ಜೋಡಿಸಿ, ಸ್ವಲ್ಪ ಗಾಳಿ ತುಂಬಿ 10 ನಿಮಿಷ ಬಿಡಿ. ತಾನಾಗಿ ಉಬ್ಬುತ್ತಾ ಹೋದರೆ ಇನ್‌ಫ್ಲೇಟರಿನ ಒಳವಾಲ್ವಿನಲ್ಲಿ ಉಪ್ಪು ಕಟ್ಟಿದೆ. ಬದಲಾಯಿಸದೆ ನೀರಿಗೆ ಇಳಿಯಬೇಡಿ. ನೀರೊಳಗೆ ಹೀಗಾದರೆ ಮೊದಲು ಇನ್‌ಫ್ಲೇಟರಿಗೆ ಬರುವ ಹೋಸ್ ಕಳಚಿ, ಜೊತೆಗೇ ಗಾಳಿ ಬಿಡಿ. ಬಾಯಿಂದ ಊದಿ ಡೈವ್ ಮುಗಿಸಬಹುದು. ಕಳಚುವುದನ್ನು ಕೊಳದಲ್ಲಿ ಕಣ್ಣು ಮುಚ್ಚಿ, ಎಡಗೈ ಒಂದರಲ್ಲೇ ಅಭ್ಯಾಸ ಮಾಡಿಕೊಳ್ಳಿ. ಉಬ್ಬುವ ಬದಲು ಗಾಳಿ ಇಳಿಯುತ್ತಿದ್ದರೆ ಸ್ನಾನದ ಟಬ್ಬಿನಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿಂದ ಬರುತ್ತದೆ ನೋಡಿ. ಹೆಚ್ಚಿನ ಸಲ ಗಾಳಿ ಬಿಡುವ ವಾಲ್ವಿನ ವಾಷರಿನ ಅಡಿ ಒಂದು ಮರಳ ಕಾಳೋ ಕೂದಲೋ ಸಿಕ್ಕಿರುತ್ತದೆ. ಮುಚ್ಚಳ ತಿರುಗಿಸಿ ತೆಗೆದು, ಒದ್ದೆ ಬಟ್ಟೆಯಲ್ಲಿ ಒರೆಸಿ ಹಾಕಿದರೆ ನಿಲ್ಲುತ್ತದೆ.