ಗಾಂಧಿ ಬಜಾರಲ್ಲಿ ದೋಸೆ ತಿಂದು ಚಾರ್ಮಾಡಿ ಇಳಿಯೋದು: ಗೊತ್ತಿರೋರು ಹೇಳಿ

ಪ್ರಶ್ನೆ: ಬರೋ ಶನಿವಾರ ಬಸವನಗುಡಿಯಿಂದ ಕಾರಲ್ಲಿ ಧರ್ಮಸ್ಥಳಕ್ಕೆ ಹೊರಟಿದ್ದೀವಿ. ಹಾಸನ, ಬೇಲೂರು, ಮೂಡಿಗೆರೆ, ಚಾರ್ಮಾಡಿ ದಾರಿ. ಅತ್ತೆ, ಇಬ್ಬರು ಮಕ್ಕಳು ಸೇರಿ ಐದು ಜನ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಹೋಟೆಲಿನ ದೋಸೆ ತಿಂದೇ ಹೊರಡಬೇಕು ಅಂತ ಎಲ್ಲರ ಹಟ. ಚಿಕ್ಕವನಿಗೆ ಘಾಟಿಯಲ್ಲಿ ವಾಂತಿ ಆಗುತ್ತೆ, ಅವನಿಗೆ ದೋಸೆ ಬೇಡವಾ? ಎಷ್ಟು ಹೊತ್ತಿಗೆ ಹೋದರೆ ಕಾಯದೆ ಜಾಗ ಸಿಗುತ್ತೆ? ದಾರಿಗೆ ಏನು ಕಟ್ಟಿಸಿಕೊಳ್ಳೋದು?

ಬುಲ್ ಟೆಂಪಲ್ ರೋಡ್: ಬಾಗಿಲು ತೆಗೆಯೋದು ಬೆಳಿಗ್ಗೆ 6:30ಕ್ಕೆ. ನೀವು 6:20ಕ್ಕೇ ಬಾಗಿಲ ಮುಂದೆ ಇರಿ. ಶನಿವಾರ ಎಂಟು ಗಂಟೆ ಮೇಲೆ ಹೋದರೆ ಹೆಸರು ಬರೆಸಿ ಫುಟ್‌ಪಾತ್ ಮೇಲೆ ನಿಂತಿರಬೇಕು, ಅಷ್ಟರಲ್ಲಿ ನೆಲಮಂಗಲ ದಾಟಬಹುದಿತ್ತು. ಅಲ್ಲಿ ದೋಸೆ ಒಂದೊಂದಾಗಿ ಹುಯ್ಯಲ್ಲ. ಕಾವಲಿ ತುಂಬ ಹುಯ್ದು ಒಂದು ಸುತ್ತು ಒಟ್ಟಿಗೆ ಎತ್ತುತ್ತಾರೆ. ಕೂತ ತಕ್ಷಣ ಐದೂ ಜನರದ್ದು ಒಂದೇ ಸಲ ಹೇಳಿಬಿಡಿ. "ಇದು ಬರಲಿ, ಇನ್ನೊಂದು ಆಮೇಲೆ ನೋಡೋಣ" ಅಂದರೆ ಮುಂದಿನ ಸುತ್ತಿಗೆ ಕಾಯಬೇಕು, ಹತ್ತು ಹದಿನೈದು ನಿಮಿಷ ಹೋಯ್ತು ಅಂತಲೇ ಲೆಕ್ಕ. ಇನ್ನೊಂದು ವಿಷಯ. ಅವರ ಚಟ್ನಿ ನೀರಾಗಿರುತ್ತೆ, ಧಾರಾಳವಾಗಿ ಸುರೀತಾರೆ. ದೋಸೆ ಅಂಚು ಕೆಂಪಗೆ ಗರಿಗರಿಯಾಗಿ ಬಂದಿರುತ್ತೆ, ಚಟ್ನಿ ತಗುಲಿದರೆ ಎರಡೇ ನಿಮಿಷಕ್ಕೆ ಮೆತ್ತಗಾಗುತ್ತೆ. ತಟ್ಟೆ ಸ್ವಲ್ಪ ಓರೆ ಮಾಡಿ ಒಂದು ಬದಿಗೆ ಹಾಕಿಸಿಕೊಳ್ಳಿ.

ಕಾರು ಮುಖ್ಯರಸ್ತೆಯಲ್ಲಿ ನಿಲ್ಲಿಸೋ ಆಸೆ ಬಿಡಿ. ಅಡ್ಡರಸ್ತೆಯಲ್ಲಿ ಹಾಕಿ ನಡೆದು ಬನ್ನಿ. ಅತ್ತೆಯವರನ್ನ ಮೊದಲೇ ಬಾಗಿಲ ಹತ್ತಿರ ಇಳಿಸಿಬಿಡಿ.

ಶಂಕರಪುರದವಳು: ಪ್ರಯಾಣ ಒಂದು ದಿನ ಹಿಂದೆ ಮುಂದೆ ಆದರೆ ರಜೆ ನೋಡ್ಕೊಳ್ಳಿ. ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ, ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಭಾನುವಾರ, ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ. ಬೇಗ ಮುಗಿಸಿ ಹೊರಡಬೇಕು ಅನ್ನೋದೇ ಮುಖ್ಯವಾದರೆ ಬ್ರಾಹ್ಮಿನ್ಸ್ ಮೇಲು. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಅಷ್ಟೇ. ಸಾಂಬಾರ್ ಇಲ್ಲ, ಚಟ್ನಿ ಎಷ್ಟು ಸಲ ಬೇಕಾದರೂ ಹಾಕ್ತಾರೆ. ನಿಂತೇ ತಿನ್ನಬೇಕು, ಇಪ್ಪತ್ತು ನಿಮಿಷ ಸಾಕು. ಅತ್ತೆಗೆ ಮಂಡಿ ನೋವಿದ್ದರೆ ಮಾತ್ರ ಬೇಡ.

ಉಜಿರೆ ಕಡೆಯವ: ಮಾರಾಯ್ರೆ, ಬೆಳಿಗ್ಗೆಯ ದೋಸೆಗೂ ಮಗುವಿನ ವಾಂತಿಗೂ ಸಂಬಂಧ ಇಲ್ಲ. ಲೆಕ್ಕ ಹಾಕಿ. 7:15ಕ್ಕೆ ಹೊರಟರೆ ಹಾಸನಕ್ಕೆ ಸುಮಾರು 180 ಕಿ.ಮೀ., 10:45 ಹನ್ನೊಂದು ಆಗ್ತದೆ. ಬೇಲೂರು ಹನ್ನೊಂದೂವರೆ ದಾಟಿ, ಮೂಡಿಗೆರೆ ಹನ್ನೆರಡೂಕಾಲು ಹನ್ನೆರಡೂವರೆ, ಕೊಟ್ಟಿಗೆಹಾರ ಒಂದು ಗಂಟೆ ಹೊತ್ತಿಗೆ. ಘಾಟಿ ಶುರು ಆಗುವಾಗ ದೋಸೆ ತಿಂದು ಆರು ಗಂಟೆ ಆಗಿರ್ತದೆ. ತೊಂದರೆ ಕೊಡೋದು ಬೇಲೂರಲ್ಲೋ ಮೂಡಿಗೆರೆಯಲ್ಲೋ "ಹಸಿವಾಯ್ತು" ಅಂತ ತಿನ್ನಿಸುವ ಪೂರಿ, ಮೊಸರನ್ನ, ಹಾಲು. ಮಧ್ಯಾಹ್ನದ ಊಟ ಘಾಟಿ ಇಳಿದ ಮೇಲೆ ಉಜಿರೆಯಲ್ಲೋ ಧರ್ಮಸ್ಥಳದಲ್ಲೋ ಇಟ್ಟುಕೊಳ್ಳಿ. ಹಾಗಂತ ಖಾಲಿ ಹೊಟ್ಟೆಯೂ ಆಗದು, ಅದೂ ಹೊಟ್ಟೆ ತೊಳೆಸ್ತದೆ. ಹನ್ನೊಂದೂವರೆ ಒಳಗೆ ಎರಡು ಇಡ್ಲಿ ಅಥವಾ ಒಂದು ಬಾಳೆಹಣ್ಣು, ಮೇಲೆ ನಾಲ್ಕು ಗುಟುಕು ನೀರು.

ವಾಂತಿ ಮಾತ್ರೆ ಘಾಟಿ ಬಾಯಲ್ಲಿ ಕೊಟ್ಟರೆ ದಂಡ, ಕೆಲಸ ಮಾಡ್ಲಿಕ್ಕೆ ಅರ್ಧ ಗಂಟೆಯಾದರೂ ಬೇಕು. ಮೂಡಿಗೆರೆಯಲ್ಲೇ ಕೊಡಿ. ಮಗುವಿಗೆ ಎಷ್ಟು ಅಂತ ಡಾಕ್ಟರ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ. ನಿದ್ದೆ ಬರಿಸುವ ಮಾತ್ರೆ ಅದು, ಓಡಿಸುವವರು ಮುಟ್ಟುವ ಹಾಗಿಲ್ಲ. ಕೊಟ್ಟಿಗೆಹಾರದಿಂದ ಮೊಬೈಲ್ ಕಿತ್ತುಕೊಳ್ಳಿ, ಕಣ್ಣು ದೂರದ ರಸ್ತೆ ಮೇಲಿರಲಿ. ಪರದೆ ನೋಡ್ತಾ ಕೂತರೆ ಕಣ್ಣು ಒಂದು ಹೇಳ್ತದೆ, ಕಿವಿಯೊಳಗಿನ ಸಮತೋಲನ ಇನ್ನೊಂದು ಹೇಳ್ತದೆ. ಹೊಟ್ಟೆ ತೊಳೆಸೋದು ಅದಕ್ಕೇ.

ಪಾರ್ಸೆಲ್ ಪುಟ್ಟಮ್ಮ: ಕಟ್ಟಿಸೋದಾದರೆ ಇಡ್ಲಿ ಒಂದೇ ಸರಿ. ದೋಸೆ ಪೊಟ್ಟಣದಲ್ಲಿ ತನ್ನ ಹಬೆಯಲ್ಲೇ ಬೆವೆತು ಕುಣಿಗಲ್ ಬರೋ ಹೊತ್ತಿಗೆ ಒದ್ದೆ ಬಟ್ಟೆ ಆಗಿರುತ್ತೆ. ವಡೆ ಬಿಸಿಯಲ್ಲಿ ಕಟ್ಟಿದರೂ ಅದೇ ಪಾಡು. ಕೇಸರಿಬಾತ್ ಕೆಡಲ್ಲ, ಆದರೆ ತುಪ್ಪ ಸಕ್ಕರೆ ಜಾಸ್ತಿ, ಘಾಟಿಗೆ ಮುಂಚೆ ಬೇಡ.

ಹೋಟೆಲ್ ತೆಂಗಿನಕಾಯಿ ಚಟ್ನಿ ತಗೋಬೇಡಿ. ಕಾಯಿ, ಹುರಿಗಡಲೆ, ನೀರು ಮೂರೂ ಸೇರಿದ್ದು ಬಿಸಿಲಲ್ಲಿ ನಿಂತ ಕಾರಲ್ಲಿ ಮೂರು ನಾಲ್ಕು ಗಂಟೆಗೆ ಹುಳಿ ವಾಸನೆ ಬರುತ್ತೆ. ಒಗ್ಗರಣೆ ಹಾಕಿದ್ದರೂ ಉಳಿಯಲ್ಲ. ಮನೆಯಿಂದ ಚಟ್ನಿಪುಡಿ ಒಯ್ಯಿರಿ. 12 ಇಡ್ಲಿಗೆ ನಾಲ್ಕು ಚಮಚ ಪುಡಿ, ಮೂರು ಚಮಚ ಎಳ್ಳೆಣ್ಣೆ. ಇಡ್ಲಿಯನ್ನ ಹತ್ತು ನಿಮಿಷ ತೆರೆದಿಟ್ಟು ಹಬೆ ಹೋದ ಮೇಲೆ ಎರಡೂ ಮುಖಕ್ಕೆ ಸವರಿ, ಬಾಡಿಸಿದ ಬಾಳೆಲೆ ಹಾಸಿದ ಸ್ಟೀಲ್ ಡಬ್ಬಿಗೆ ಜೋಡಿಸಿ. ಬಿಸಿ ಇರುವಾಗಲೇ ಮುಚ್ಚಿದರೆ ಮುಚ್ಚಳದ ನೀರು ತೊಟ್ಟಿಕ್ಕಿ ಮೇಲಿನ ಸಾಲು ಗಂಜಿ ಆಗುತ್ತೆ. ಚಿಕ್ಕವನಿಗೆ ಪುಡಿ ಸವರದ ನಾಲ್ಕು ಇಡ್ಲಿ ಬೇರೆ ಇಡಿ.

ಕೇಳಿದವರು: ಓಡಿಸೋದು ನಾನೇ. ಫ್ಲಾಸ್ಕಲ್ಲಿ ಕಾಫಿ ತಗೊಂಡು ಹೋದರೆ ಹೇಗೆ?

ಹಾಸನ ಹೈವೇ: ಹಾಲು ಬೆರೆಸಿದ ಕಾಫಿ ಫ್ಲಾಸ್ಕಲ್ಲಿ ಎರಡು ಗಂಟೆ ಮೇಲೆ ಕೆನೆ ಕಟ್ಟಿ ಮುಗ್ಗಲು ರುಚಿ ಬರುತ್ತೆ ಸರ್. ಒಯ್ಯಲೇಬೇಕು ಅಂದರೆ ಫ್ಲಾಸ್ಕಿಗೆ ಐದು ನಿಮಿಷ ಕುದಿಯೋ ನೀರು ಹಾಕಿಟ್ಟು ಚೆಲ್ಲಿ ಆಮೇಲೆ ಕಾಫಿ ತುಂಬಿ, ಯಡಿಯೂರು ಹತ್ತಿರ ಕುಡಿದು ಮುಗಿಸಿ. ನಿಮಗೆ ಒಂದೇ ಮಸಾಲೆ ದೋಸೆ ಸಾಕು. ಎರಡನೆಯದನ್ನ ಮನೆಯವರ ಜೊತೆ ಹಂಚ್ಕೊಳ್ಳಿ, ಕಾಫಿ ಮಾತ್ರ ಬೈಟು ಬೇಡ, ಪೂರ್ತಿ ಲೋಟ ಕುಡೀರಿ. ಹೊಟ್ಟೆ ಬಿರಿಯೆ ತಿಂದವರಿಗೆ ಕಣ್ಣು ಎಳೆಯೋದು ಒಂದು ಒಂದೂವರೆ ಗಂಟೆ ಕಳೆದ ಮೇಲೆ. ಅಂದರೆ ಕುಣಿಗಲ್ ದಾಟಿ ರಸ್ತೆ ನೇರ ಇರೋ ಕಡೆಯೇ. ಅಲ್ಲಿ ಇಳಿದು ಹತ್ತು ನಿಮಿಷ ಅಡ್ಡಾಡಿ.

ತುಮಕೂರು ರಸ್ತೆಗೆ ಗೊರಗುಂಟೆಪಾಳ್ಯದ ಮೇಲೆ ಹೋಗೋದಾದರೆ ಎಂಟರ ಒಳಗೆ ದಾಟಿ. ತಡವಾದರೆ ನೈಸ್ ರಸ್ತೆ ಹಿಡೀರಿ, ದುಡ್ಡು ಹೋದರೂ ಸಿಗ್ನಲ್ ತಪ್ಪುತ್ತೆ.

ಉಜಿರೆ ಕಡೆಯವ: ಒಂದು ಮರೆತಿದ್ದೆ. ಎರಡು ಗಟ್ಟಿ ಕವರ್, ಒಂದು ಒದ್ದೆ ಟವೆಲ್ ಡಿಕ್ಕಿಯಲ್ಲಿ ಅಲ್ಲ, ಚಿಕ್ಕವನ ಮುಂದಿನ ಸೀಟಿನ ಬೆನ್ನ ಜೇಬಲ್ಲಿ ಇರಲಿ. ಘಾಟಿ ತಿರುವಲ್ಲಿ ಗಾಡಿ ನಿಲ್ಲಿಸಲಿಕ್ಕೆ ಜಾಗ ಸಿಗುವುದಿಲ್ಲ.