3/8 ಅನ್ನು ಬಾಯಲ್ಲಿ ಹೇಗೆ ಓದುತ್ತೀರಿ: ಎಂಟನೇ ಮೂರಾ, ಎಂಟರಲ್ಲಿ ಮೂರಾ?

ಎಲ್ಲರಿಗೂ ನಮಸ್ಕಾರ. ಮಂಡ್ಯದ ಹತ್ತಿರ ಒಂದು ಹಳ್ಳಿಯಲ್ಲಿ ಐದು, ಆರನೇ ಕ್ಲಾಸಿನ ಮಕ್ಕಳಿಗೆ ಸಂಜೆ ಹೊತ್ತು ಗಣಿತ ಹೇಳಿಕೊಡುತ್ತೇನೆ. ಭಿನ್ನರಾಶಿಯನ್ನು ಓದುವ ಬಗೆ ಇತ್ಯರ್ಥವಾಗುತ್ತಿಲ್ಲ. ಬಲ್ಲವರು ತಿಳಿಸಿ.

3/8 ಅನ್ನು ಮಕ್ಕಳು 'ಮೂರು ಬೈ ಎಂಟು' ಅನ್ನುತ್ತಾರೆ. ಪತ್ರಿಕೆಗಳ 'ಮೂರನೇ ಎರಡರಷ್ಟು ಬಹುಮತ'ದ ಜಾಡು ಹಿಡಿದರೆ ಅದು 'ಎಂಟನೇ ಮೂರು'. ಮನೆಯಲ್ಲಿ ಹಿರಿಯರು ಆಸ್ತಿ ಮಾತಾಡುವಾಗ 'ಎಂಟರಲ್ಲಿ ಮೂರು ಪಾಲು' ಅನ್ನುತ್ತಾರೆ.

ಯಾವುದಾದರೇನು ಅನ್ನಬೇಡಿ. 1/6, 1/8 ಇವೆರಡರಲ್ಲಿ ಯಾವುದು ದೊಡ್ಡದು ಅಂತ ಕೇಳಿದರೆ, 'ಬೈ' ಅಂತ ಓದುವ ಮಗು ಎಂಟೇ ದೊಡ್ಡದಲ್ವಾ ಅಂದುಕೊಂಡು 1/8 ತೋರಿಸುತ್ತದೆ. 'ಎಂಟನೇ ಒಂದು' ಅಂದರೂ ಕಷ್ಟವೇ, ಯಾಕೆಂದರೆ ಎಂಟನೇ ಕ್ಲಾಸು, ಎಂಟನೇ ಮನೆ ಅನ್ನುವಾಗಲೂ ಅದೇ 'ನೇ' ಬರುತ್ತದೆ, ಮಗು ಸಾಲಿನಲ್ಲಿ ಎಂಟನೆಯದು ಯಾವುದು ಅಂತ ಹುಡುಕುತ್ತದೆ. 'ಆರರಲ್ಲಿ ಒಂದು ಪಾಲು, ಎಂಟರಲ್ಲಿ ಒಂದು ಪಾಲು' ಅಂತ ಓದಿಸಿ ನೋಡಿ. ಪಾಲುದಾರರು ಜಾಸ್ತಿಯಾದಷ್ಟೂ ಪಾಲು ಚಿಕ್ಕದು ಅನ್ನುವುದು ತಾನಾಗಿ ಹೊಳೆಯುತ್ತದೆ.

ಹೋಲಿಸಬೇಕಾದ ಎರಡು ಭಿನ್ನರಾಶಿಗಳ ಅಂಶವೂ (ಮೇಲಿನ ಸಂಖ್ಯೆ) ಛೇದವೂ (ಕೆಳಗಿನದು) ಬೇರೆ ಬೇರೆ ಇದ್ದಾಗ ನಾನು ಸೀದಾ ಜಮೀನಿಗೆ ಹೋಗುತ್ತೇನೆ. 3/8 ಮತ್ತು 2/5 ತಗೊಳ್ಳಿ. ಎಕರೆಗೆ 40 ಗುಂಟೆ ಅಂತ ಇಲ್ಲಿನ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಎಂಟು ಪಾಲು ಮಾಡಿದರೆ ಪಾಲಿಗೆ 5 ಗುಂಟೆ, ಮೂರು ಪಾಲಿಗೆ 15. ಐದು ಪಾಲು ಮಾಡಿದರೆ ಪಾಲಿಗೆ 8 ಗುಂಟೆ, ಎರಡು ಪಾಲಿಗೆ 16. ಹಾಗಾಗಿ 2/5 ಒಂದು ಗುಂಟೆ ಜಾಸ್ತಿ. ಇಷ್ಟಾದ ಮೇಲೆ 8 ಮತ್ತು 5ರ ಲ.ಸಾ.ಅ. (ಎರಡರಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) 40, ಆದ್ದರಿಂದ 15/40 ಮತ್ತು 16/40 ಅಂತ ಬೋರ್ಡ್ ಮೇಲೆ ಬರೆದರೆ ಯಾರೂ ಕಣ್ಣುಕಣ್ಣು ಬಿಡುವುದಿಲ್ಲ.

ತೊಡಕು ಇರುವುದು ವಿಷಮ ಭಿನ್ನರಾಶಿಯಲ್ಲಿ, ಅಂದರೆ ಮೇಲಿನ ಸಂಖ್ಯೆ ಕೆಳಗಿನದಕ್ಕಿಂತ ದೊಡ್ಡದಿರುವಾಗ. 9/8 ಅನ್ನು 'ಎಂಟರಲ್ಲಿ ಒಂಬತ್ತು ಪಾಲು' ಅಂದರೆ ಮಾತೇ ನಿಲ್ಲುವುದಿಲ್ಲ. ಇರುವುದೇ ಎಂಟು, ಒಂಬತ್ತನೆಯದು ಎಲ್ಲಿಂದ ಬಂತು ಅಂತ ಮಕ್ಕಳು ಕೇಳುತ್ತಾರೆ, ಕೇಳುವುದು ನ್ಯಾಯವೇ.

ಕಾಲು ಭಾಗಕ್ಕೆ (1/4) ಈ ತೊಂದರೆ ಇಲ್ಲ. ಮೂರು ಕಾಲು ಸೇರಿ ಮುಕ್ಕಾಲು, ನಾಲ್ಕು ಕಾಲು ಸೇರಿದರೆ ಒಂದು, ಐದು ಸೇರಿದರೆ ಒಂದೂಕಾಲು. ತುಂಡಿಗೇ ಒಂದು ಹೆಸರಿದೆ, ಆದ್ದರಿಂದ ಎಷ್ಟು ಬೇಕಾದರೂ ಎಣಿಸಬಹುದು. (ಆದರೆ 'ಐದು ಕಾಲು' ಅಂದರೆ 5/4, 'ಐದೂಕಾಲು' ಅಂದರೆ 21/4. ಒಂದು ದೀರ್ಘ ತಪ್ಪಿದರೆ ಲೆಕ್ಕವೇ ಬೇರೆ, ಬಿಡಿಸಿ ಹೇಳಿಸಬೇಕು.) ಎಂಟನೇ ಒಂದು ಪಾಲಿಗೆ 'ಅರೆಕಾಲು' ಅಂತ ಬಳಸಬಹುದು ಅನ್ನಿಸುತ್ತದೆ, ಕಾಲಿನ ಅರ್ಧ ಅಂತ ಅರ್ಥವೂ ಸ್ಪಷ್ಟ, ಹಳೆಯ ಸೇರಿನ ಲೆಕ್ಕದಲ್ಲಿ ಕಾಲು ಸೇರಿಗೆ ಪಾವು, ಅದರ ಅರ್ಧಕ್ಕೆ ಅರೆಪಾವು ಇದ್ದ ಹಾಗೆ. ಆಗ 9/8 ಅಂದರೆ ಒಂಬತ್ತು ಅರೆಕಾಲು.

ನಿಮ್ಮ ಕಡೆ 'ಅರೆಕಾಲು' ಈಗಲೂ ಮಾತಿನಲ್ಲಿ ಇದೆಯೇ? ಮತ್ತೆ 1/5, 1/7ರ ತುಂಡಿಗೆ ಹೀಗೆ ಎಣಿಸಲು ಬರುವಂಥ ಹೆಸರು ಯಾವುದಾದರೂ ಇದ್ದರೆ, ವಾಕ್ಯದಲ್ಲಿ ಬಳಸಿ ತೋರಿಸುತ್ತೀರಾ?