ಗುಜರಿಯಲ್ಲಿ ಸಿಕ್ಕ ಬಿಬಿಸಿ ಮೈಕ್ರೋ ಹತ್ತೇ ನಿಮಿಷಕ್ಕೆ ಹೊಗೆ ಉಗುಳಿತು, ಮುಂದೇನು ಮಾಡಲಿ?

ಬೆಣ್ಣೆದೋಸೆ_73

ಎಲ್ಲರಿಗೂ ನಮಸ್ಕಾರ. ವಿಷಯ ಹಳೇ ಕಂಪ್ಯೂಟರಿನದು, ನಗಬೇಡಿ.

1986ರಲ್ಲಿ ನಾನು ಎಂಟನೇ ಕ್ಲಾಸು. ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ಕೇಂದ್ರ ಸರ್ಕಾರದ ಕ್ಲಾಸ್ ಯೋಜನೆಯಲ್ಲಿ ನಮ್ಮ ಶಾಲೆಗೆ ಬಿಬಿಸಿ ಮೈಕ್ರೋ ಬಂದಿದ್ದವು. ಚಪ್ಪಲಿ ಹೊರಗೆ ಬಿಟ್ಟು, ಕಾಲು ಒರೆಸಿಕೊಂಡು ಒಳಗೆ ಹೋಗಬೇಕಿತ್ತು. ಒಂದು ಮಷೀನಿಗೆ ಐದು ಜನ. ಎತ್ತರ ಇದ್ದವರು ಟೈಪ್ ಮಾಡುತ್ತಿದ್ದರು, ನನಗೆ ಸಿಗುತ್ತಿದ್ದದ್ದು ರಿಟರ್ನ್ ಕೀ ಒತ್ತುವ ಕೆಲಸ ಒಂದೇ. ವರ್ಷವಿಡೀ ಅದೊಂದನ್ನೇ ಒತ್ತಿದೆ.

ಹೋದ ತಿಂಗಳು ಗುಜರಿ ಅಂಗಡಿಯಲ್ಲಿ ಹಳೇ ಮಿಕ್ಸಿಗಳ ಕೆಳಗೆ ಆ ಕೆಂಪು ಫಂಕ್ಷನ್ ಕೀಗಳ ಸಾಲು ಕಾಣಿಸಿತು. ಚುಕ್ಕಿಗಳ ಗೂಬೆ ಚಿತ್ರ ಕೂಡ ಹಾಗೇ ಇತ್ತು. ಅಂಗಡಿಯವನು ಅದನ್ನು ಟೈಪ್‌ರೈಟರ್ ಅಂದುಕೊಂಡಿದ್ದ. 1,800 ರೂಪಾಯಿಗೆ ತಂದೆ. ಒಳಗೆ ಧೂಳು, ಎರಡು ಹಲ್ಲಿ ಮೊಟ್ಟೆ.

ಒರೆಸಿ, ಅತ್ತೆ ಮನೆಯ ಪೋರ್ಟಬಲ್ ಟಿವಿಗೆ ಸಿಕ್ಕಿಸಿ ಆನ್ ಮಾಡಿದೆ. "ಬೂ, ಬೀಪ್" ಅಂತು. ಪರದೆ ಮೇಲೆ ಬಿಬಿಸಿ ಕಂಪ್ಯೂಟರ್ 32ಕೆ, ಅದರ ಕೆಳಗೆ ಬೇಸಿಕ್ ಅಂತ ಬಂತು. ಕಣ್ಣಲ್ಲಿ ನೀರು ಬರೋದೊಂದು ಬಾಕಿ. ಹತ್ತು ನಿಮಿಷ ಆಗಿರಬೇಕು, ಎಡಗಡೆಯಿಂದ ದಟ್ಟ ಬಿಳಿ ಹೊಗೆ, ಕೆಟ್ಟ ವಾಸನೆ. ವೈರ್ ಕಿತ್ತೆ. ವಿಚಿತ್ರ ಅಂದ್ರೆ ಹೊಗೆ ಬರುವಾಗಲೂ ಪರದೆ ಮೇಲಿನ ಅಕ್ಷರ ಕದಲಲಿಲ್ಲ.

ಇದು ಸತ್ತಿತಾ? ನನ್ನ ಅಕ್ಕನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಬೋರ್ಡ್ ಎಸೆದು ಒಳಗೆ ಅಂಗೈಯಷ್ಟು ಚಿಕ್ಕ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ಇಟ್ಟರೆ ಆಯ್ತು ಮಾವ, ಎಲ್ಲಾ ಹಳೇ ಗೇಮ್ ಓಡುತ್ತೆ ಅಂತಾನೆ. ಕೇಳಲಾ ಬೇಡ್ವಾ?

ಹಳೇ_ಬೆಸುಗೆ

ಸರ್, ಮೊದಲು ಆ ಹುಡುಗನ ಕೈಗೆ ಸ್ಕ್ರೂಡ್ರೈವರ್ ಕೊಡಬೇಡಿ.

ಸತ್ತಿಲ್ಲ. ನಿಮ್ಮದು ಈ ಮಷೀನಿನ ತೀರಾ ಮಾಮೂಲಿ ಕಾಯಿಲೆ. ನಾನು ಇಪ್ಪತ್ತೆರಡು ವರ್ಷ ಟಿವಿ ರಿಪೇರಿ ಮಾಡಿದವನು, ಈಗ ಮನೆಯಲ್ಲಿ ಮೂರು ಬಿಬಿಸಿ, ಅದೇ ಕಾಲದ ಎರಡು ಸ್ಪೆಕ್ಟ್ರಮ್ ಕಂಪ್ಯೂಟರ್ ಇವೆ. ಮೂರು ಬಿಬಿಸಿಯೂ ಒಂದಲ್ಲ ಒಂದು ದಿನ ಹೀಗೇ ಹೊಗೆ ಬಿಟ್ಟಿವೆ. ಮೂರನೆಯದು ಹಬ್ಬದ ದಿನ ಬಿಟ್ಟಿತು. ಮನೆಯವರು ಪೂಜೆ ಹೊಗೆ ಅಂದುಕೊಂಡರು, ವಾಸನೆ ಬರುವವರೆಗೆ.

ಎಡಗಡೆ ಇರುವುದು ಪವರ್ ಸಪ್ಲೈ. ಅದರ ಒಳಗೆ ಮೇನ್ಸ್ ಲೈನಿಗೆ ಅಡ್ಡ ಕಟ್ಟಿದ ಫಿಲ್ಟರ್ ಕೆಪಾಸಿಟರ್ ಇರುತ್ತದೆ, 0.1 ಮೈಕ್ರೋಫ್ಯಾರಡ್, ಜೇನಿನ ಬಣ್ಣದ ಪಾರದರ್ಶಕ ಪೆಟ್ಟಿಗೆಯ ಹಾಗೆ. ಅದರೊಳಗೆ ಕಾಗದ. ನಲವತ್ತು ವರ್ಷದಲ್ಲಿ ಮೇಲಿನ ಪ್ಲಾಸ್ಟಿಕ್ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ, ಕಾಗದ ತೇವ ಎಳೆದುಕೊಳ್ಳುತ್ತದೆ. 230 ವೋಲ್ಟ್ ಕೊಟ್ಟರೆ ಕಾದು ಒಡೆಯುತ್ತದೆ. ಅದರ ಕೆಲಸ ಬರೀ ಲೈನಿನ ಗಲಾಟೆ ತಡೆಯುವುದು. ಅದಿಲ್ಲದಿದ್ದರೂ ಸಪ್ಲೈ ಓಡುತ್ತದೆ. ಅದಕ್ಕೇ ನಿಮ್ಮ ಪರದೆ ಕದಲಲಿಲ್ಲ.

ಈಗ ಮಾಡಬೇಕಾದ್ದು. ವೈರ್ ಕಿತ್ತು ಒಂದು ರಾತ್ರಿ ಬಿಡಿ. ಒಳಗೆ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗಿಂತ ಜಾಸ್ತಿ ಡಿಸಿ ನಿಂತಿರುತ್ತದೆ, ಅದರ ಜೊತೆ ಆಟ ಬೇಡ. ಮುಟ್ಟುವ ಮುಂಚೆ ಮೀಟರ್ ಇಟ್ಟು ನೋಡಿ. ಧೈರ್ಯ ಇಲ್ಲದಿದ್ದರೆ ಊರಿನ ಹಳೇ ಟಿವಿ ಮೆಕ್ಯಾನಿಕ್ ಹತ್ತಿರ ಹೋಗಿ. ಸಪ್ಲೈ ಪೆಟ್ಟಿಗೆ ಒಂದನ್ನೇ ಬಿಚ್ಚಿ ಒಯ್ದರೆ ಸಾಕು.

ಕೇಸ್ ಬಿಚ್ಚೋಕೆ ನಾಲ್ಕೇ ಸ್ಕ್ರೂ, ಹಿಂದೆ ಎರಡು, ಕೆಳಗೆ ಎರಡು, ಪಕ್ಕದಲ್ಲಿ ಫಿಕ್ಸ್ ಅಂತ ಬರೆದಿರುತ್ತದೆ. ಸಪ್ಲೈನಿಂದ ಬೋರ್ಡಿಗೆ ಬರುವ ಏಳು ವೈರ್ ಕೀಳುವ ಮುಂಚೆ ಫೋನಲ್ಲಿ ಫೋಟೋ ತೆಗೆದಿಡಿ. ಮೂರು ಕೆಂಪು, ಮೂರು ಕಪ್ಪು, ಒಂದು ನೇರಳೆ. ನೇರಳೆಯದು ಮೈನಸ್ 5 ವೋಲ್ಟ್. ಅದನ್ನು ಕೆಂಪಿನ ಜಾಗಕ್ಕೆ ಹಾಕಿದರೆ ಆಮೇಲೆ ನಿಜವಾಗಲೂ ಸತ್ತಿತಾ ಅಂತ ಕೇಳಬೇಕಾಗುತ್ತೆ.

ಹೊಸ ಕೆಪಾಸಿಟರ್ ತರುವಾಗ ಎಕ್ಸ್2 ಅಂತ ಗುರುತಿರುವುದನ್ನೇ (ಮೇನ್ಸ್ ಲೈನಿಗೆ ಅಡ್ಡ ಕಟ್ಟಲೆಂದೇ ಮಾಡಿದ್ದು) ತನ್ನಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತದೆ, ಚಿಲ್ಲರೆ ಕಾಸು. ಒಡೆದಿದ್ದರ ಜೊತೆಗೆ 0.01ರದ್ದು ಇನ್ನೊಂದಿದೆ, ಅದನ್ನೂ ಬದಲಿಸಿ. ಅದೂ ಇಂದೋ ನಾಳೆಯೋ ಅಂತ ಕೂತಿರುತ್ತದೆ. ಆಮೇಲೆ ಸಪ್ಲೈಯನ್ನು ನೇರ ಬೋರ್ಡಿಗೆ ಕೊಡಬೇಡಿ. ಕೆಂಪು ಕಪ್ಪಿಗೆ ಕಾರಿನ 12 ವೋಲ್ಟ್ ಬ್ರೇಕ್ ಲೈಟ್ ಬಲ್ಬ್ ಕಟ್ಟಿ, ಮಂದವಾಗಿ ಉರಿಯುತ್ತದೆ. ಮೀಟರಲ್ಲಿ 5 ವೋಲ್ಟ್ ಸ್ಥಿರವಾಗಿ ನಿಂತರೆ ಮಾತ್ರ ಮುಂದಕ್ಕೆ.

ಇನ್ನು ಪೈ ವಿಷಯ. ನಿಮ್ಮ ಅಳಿಯನಿಗೆ ಹೇಳಿ, ಪೈ ಹಾಕೋಣ, ಆದರೆ ಹೊರಗಡೆ. ಮಷೀನ್ ತಿರುಗಿಸಿದರೆ ಕೆಳಗೆ ಟ್ಯೂಬ್ ಅಂತ ಒಂದು ಸಾಕೆಟ್ ಇದೆ, ಎರಡನೇ ಪ್ರೊಸೆಸರ್ ಸೇರಿಸೋಕೆ. ಪೈಟ್ಯೂಬ್‌ಡೈರೆಕ್ಟ್ ಅನ್ನುವ ಸಾಫ್ಟ್‌ವೇರ್ ಹಾಕಿದ ಪೈ ಅಲ್ಲಿ ಕೂರುತ್ತದೆ. ನಡುವೆ 5 ವೋಲ್ಟನ್ನು 3.3ಕ್ಕೆ ಇಳಿಸುವ ಪುಟ್ಟ ಬೋರ್ಡ್ ಬೇಕು, ಅಷ್ಟೇ. ಒಂದು ಬೆಸುಗೆಯೂ ಇಲ್ಲ, ಕಿತ್ತರೆ ಮಷೀನ್ ಮೊದಲಿನ ಹಾಗೆ. ಇನ್ನೊಂದು ಮಾತು. 1985ರ ಏಪ್ರಿಲ್ 26ಕ್ಕೆ ಈ ಮಷೀನ್ ತಯಾರಿಸಿದ ಕೇಂಬ್ರಿಜ್‌ನ ಏಕಾರ್ನ್ ಕಂಪನಿಯಲ್ಲಿ ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ಮೊದಲ ಆರ್ಮ್ ಪ್ರೊಸೆಸರ್ ಚಿಪ್ಪನ್ನು ಓಡಿಸಿ ನೋಡಿದ್ದು ಬಿಬಿಸಿ ಮೈಕ್ರೋಗೆ ಜೋಡಿಸಿಯೇ. ಪೈ ಒಳಗಿರುವುದು ಅದೇ ಚಿಪ್ಪಿನ ಮರಿಮಗ. ಅಜ್ಜನ ಮನೆಯಲ್ಲಿ ಮೊಮ್ಮಗ ಇರಲಿ, ಅಜ್ಜನನ್ನು ಹೊರಗೆ ಹಾಕೋದು ಯಾವ ನ್ಯಾಯ?

ಕುಂದಾಪ್ರ_ಉಪ್ಪುಗಾಳಿ

ಮೇಲಿನವರು ಹೇಳಿದ್ದು ಸರಿ ಮಾರಾಯ್ರೇ. ಒಂದು ಸೇರಿಸುತ್ತೇನೆ. ನಮ್ಮ ಕಡೆ ಸಮುದ್ರದ ಗಾಳಿಗೆ ಐಸಿ ಕಾಲುಗಳೆಲ್ಲ ಕಪ್ಪಾಗುತ್ತವೆ. ನಿಮ್ಮ ಊರಲ್ಲಿ ಅಷ್ಟಿಲ್ಲ, ಆದರೂ ಸಾಕೆಟ್‌ನಲ್ಲಿ ಕೂತ ಚಿಪ್ಪುಗಳು ಬಿಸಿಗೆ ಹಿಗ್ಗಿ, ತಣ್ಣಗಾಗಿ ಕುಗ್ಗಿ, ವರ್ಷಗಟ್ಟಲೆ ಮೆಲ್ಲಗೆ ಮೇಲಕ್ಕೆ ಬರುತ್ತವೆ. ಕೇಸ್ ತೆಗೆದಾಗ ಒಂದೊಂದನ್ನೇ ಹೆಬ್ಬೆರಳಲ್ಲಿ ಒತ್ತಿ. ಕಟ್ ಅಂತ ಸದ್ದು ಬಂದರೆ ಅದು ಎದ್ದಿತ್ತು ಅಂತ ಅರ್ಥ. ನನ್ನ ಒಂದು ಮಷೀನ್ ಆನ್ ಮಾಡಿದರೆ "ಬೂ" ಅಂತ ಒಂದೇ ಸ್ವರ, ನಿಲ್ಲುವುದೇ ಇಲ್ಲ. ಎರಡು ವಾರ ತಲೆ ಕೆಡಿಸಿಕೊಂಡೆ. ಕೊನೆಗೆ ಮುಖ್ಯ ಪ್ರೊಸೆಸರ್ ಆದ 6502 ಚಿಪ್ಪನ್ನು ಒತ್ತಿದ್ದಕ್ಕೆ ಸರಿಯಾಯಿತು. ಹೆಬ್ಬೆರಳಿನ ರಿಪೇರಿ.

ಗೇಮ್ ಹಾಕಲು ಕ್ಯಾಸೆಟ್ ಹುಡುಕಬೇಡಿ. ಹಿಂದಿನ ಕಾಲದ್ದು ನೋಡಲು ಚಂದ, ಕಾಯಲು ಅಲ್ಲ. ಯೂಸರ್ ಪೋರ್ಟಿಗೆ ಎಸ್‌ಡಿ ಕಾರ್ಡ್ ಅಡಾಪ್ಟರ್ ಹಾಕಿ, ಕೀಬೋರ್ಡಿನ ಕೆಳಗಿನ ಖಾಲಿ ROM ಸಾಕೆಟ್‌ಗೆ ಎಂಎಂಎಫ್‌ಎಸ್ (ಕಾರ್ಡ್ ಓದಿಸುವ ಸಾಫ್ಟ್‌ವೇರ್) ಬರೆದ ಈಪ್ರಾಮ್ ಚಿಪ್ ಕೂರಿಸಿ. ಇದಕ್ಕೂ ಏನೂ ಕೊಯ್ಯಬೇಕಾಗಿಲ್ಲ. ನಾನು ಮೊದಲು ಫ್ಲಾಪಿ ಡ್ರೈವ್ ಬದಲು ಯುಎಸ್‌ಬಿ ಓದುವ ಗೋಟೆಕ್ ಹಾಕಿದ್ದೆ, ಅದಕ್ಕೆ ಬೋರ್ಡಿನಲ್ಲಿ ಡಿಸ್ಕ್ ಕಂಟ್ರೋಲರ್ ಚಿಪ್ ಇರಲೇಬೇಕು. ನಿಮ್ಮ ಪರದೆ ಮೇಲೆ ಏಕಾರ್ನ್ ಡಿಎಫ್‌ಎಸ್ (ಡಿಸ್ಕ್ ಸಾಫ್ಟ್‌ವೇರಿನ ಹೆಸರು) ಅಂತ ಬಂದಿಲ್ಲ, ಹಾಗಾಗಿ ಬಹುಶಃ ಅದು ಇಲ್ಲ.

ಬೆಣ್ಣೆದೋಸೆ_73

ಮೂರು ವಾರದ ಸುದ್ದಿ.

ಕೆಪಾಸಿಟರ್ ಎರಡೂ ಬದಲಾಯಿಸಿದ್ದಾಯ್ತು. ನಾನಲ್ಲ, ನಮ್ಮ ಬೀದಿಯ ರೇಡಿಯೋ ರಿಪೇರಿ ಅಜ್ಜ. ಪೆಟ್ಟಿಗೆ ತೆರೆದ ಕೂಡಲೇ ಮೂಸಿ ನೋಡಿ "ಕಾಗದದ್ದು" ಅಂದರು. ಅವರಿಗೆ ಬಿಬಿಸಿ ಗೊತ್ತಿಲ್ಲ, ವಾಸನೆ ಗೊತ್ತು. ಬಲ್ಬ್ ಪರೀಕ್ಷೆಯಲ್ಲಿ 5.03 ವೋಲ್ಟ್. ಐಸಿಗಳನ್ನು ಒತ್ತಿದೆ, ನಾಲ್ಕು ಕಟ್ ಅಂದವು.

ಈಗ ಗಂಟೆಗಟ್ಟಲೆ ಓಡುತ್ತಿದೆ. ಅಳಿಯನಿಗೆ ಟ್ಯೂಬ್ ಕಥೆ ಓದಿಸಿದೆ. ಒಂದು ನಿಮಿಷ ಸುಮ್ಮನಿದ್ದ, ಆಮೇಲೆ ಆ ಪುಟ್ಟ ಬೋರ್ಡನ್ನು ತಾನೇ ಮಾಡ್ತೀನಿ ಅಂತ ಕೂತಿದ್ದಾನೆ.

ಒಂದೇ ತೊಂದರೆ ಉಳಿದಿದೆ. ನಂಬ್ತೀರೋ ಇಲ್ವೋ, ಎಲ್ಲಾ ಕೀ ಕೆಲಸ ಮಾಡುತ್ತವೆ, ರಿಟರ್ನ್ ಮಾತ್ರ ಹತ್ತು ಸಲ ಒತ್ತಿದರೆ ಒಂದು ಸಲ ಕೇಳುತ್ತದೆ.

ಹಳೇ_ಬೆಸುಗೆ

ನೀವೇ ಆ ವರ್ಷ ಸವೆಸಿದ್ದಿರಬೇಕು ಸರ್.

ಕೀಯ ಟೊಪ್ಪಿಯನ್ನು ಮೇಲಕ್ಕೆ ನೇರವಾಗಿ ಎಳೆದು ತೆಗೆಯಿರಿ, ಓರೆ ಮಾಡಬೇಡಿ, ಕಾಂಡ ಮುರಿಯುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ಎರಡೇ ಹನಿ ಬಿಟ್ಟು ಐವತ್ತು ಅರವತ್ತು ಸಲ ಒತ್ತಿ. ಒಣಗಿದ ಮೇಲೆ ನೋಡಿ. ಆಗದಿದ್ದರೆ ಹೇಳಿ, ಹಾಳಾದ ಕೀಬೋರ್ಡ್ ಒಂದು ನನ್ನ ಹತ್ತಿರ ಇದೆ, ಅದರ ಸ್ವಿಚ್ ಬಿಚ್ಚಿ ಕಳಿಸ್ತೀನಿ.

ಬೆಣ್ಣೆದೋಸೆ_73

ಅರವತ್ತಲ್ಲ, ಇನ್ನೂರು ಸಲ ಒತ್ತಿದೆ. ಕೇಳ್ತಿದೆ.